ಬಿಸಿತೊಟ್ಟಿಯಲ್ಲಿ ಮೌನವ್ರತ

ಬ್ರಾಂದುರ್ ಪಾದ್ರಿಯ ಗಂಟಲು ವರ್ಷವಿಡೀ ಗಟ್ಟಿಮುಟ್ಟಾಗಿಯೇ ಇರುತ್ತಿತ್ತು. ಹೆಂಡತಿ ಗುನ್ವೋರಳ ಜೊತೆ ವಾದಕ್ಕಿಳಿದಾಗ ಅದಕ್ಕೆ ಏನೂ ಆಗುತ್ತಿರಲಿಲ್ಲ. ಫೋನ್ ಕಂಪನಿಯವರ ಮೇಲೆ ರೇಗಾಡುವಾಗಲಂತೂ ಕಂಚಿನ ಗಂಟೆ ಬಾರಿಸಿದ ಹಾಗಿರುತ್ತಿತ್ತು. ಆದರೆ ಯಾವುದಾದರೂ ಊರಿನವರು, ನಮ್ಮ ಚರ್ಚಿಗೆ ಪಾದ್ರಿ ಬೇಕಾಗಿದ್ದಾರೆ, ಬಂದು ಒಂದು ಉಪದೇಶ ಮಾಡಿ ತೋರಿಸಿ ಎಂದು ಕರೆದರೋ, ಹಿಂದಿನ ದಿನವೇ ಕೈಕೊಡುತ್ತಿತ್ತು. ಪೀಠ ಹತ್ತಿ "ಪ್ರಿಯರೇ" ಎನ್ನುವ ಹೊತ್ತಿಗೆ ಎಣ್ಣೆ ಕಾಣದ ಬಾಗಿಲಿನ ಸದ್ದು ಹೊರಡುತ್ತಿತ್ತು. ಊರಿನವರು ಪಾಪ ಅನ್ನುತ್ತ ಕಾಫಿ ಕೊಟ್ಟು ಕಳಿಸುತ್ತಿದ್ದರು.

ಹೀಗಾಗಿ ಐವತ್ತು ಹತ್ತಿರ ಬಂದರೂ ಅವನು ರಾಜಧಾನಿ ರೇಕ್ಯಾವಿಕ್‌ನಲ್ಲಿ ಬದಲಿ ಪಾದ್ರಿಯಾಗಿಯೇ ಉಳಿದಿದ್ದ. ಖಾಯಂ ಪಾದ್ರಿಗಳಿಗೆ ಜ್ವರ ಬಂದರೆ ಇವನಿಗೆ ಕೆಲಸ. ಅವರೆಲ್ಲ ಗುಂಡುಕಲ್ಲಿನ ಹಾಗೆ ಇದ್ದರು, ಕೆಮ್ಮುತ್ತಲೂ ಇರಲಿಲ್ಲ. ಕೊನೆಗೆ ಗುನ್ವೋರಳಿಗೆ ಸಾಕಾಗಿ ಹೋಯಿತು. ಉತ್ತರದ ಲೌಗವಿಕ್ ಎಂಬ ಹಳ್ಳಿಯಿಂದ ಕರೆ ಬಂದಾಗ ಅವಳು ಒಂದೇ ಮಾತು ಹೇಳಿದಳು.

"ಈ ಸಲನೂ ಆಗ್ಲಿಲ್ಲ ಅಂದ್ರೆ ನನ್ನ ತಮ್ಮನ ಟೈರ್ ಅಂಗಡಿಗೆ ಸೇರ್ಕೋ. ಅಲ್ಲಿ ಗಂಟ್ಲು ಬೇಕಾಗಿಲ್ಲ."

ತಮ್ಮನೂ ಎಂಥವನೆಂದರೆ, ಭಾವನ ಅಳತೆಗೆ ಸರಿಯಾಗಿ ಒಂದು ನೀಲಿ ಮೇಲಂಗಿ ಹೊಲಿಸಿ ಅಂಗಡಿಯ ಮೊಳೆಗೆ ನೇತುಹಾಕಿಯೂ ಬಿಟ್ಟಿದ್ದ. ಬ್ರಾಂದುರ್ ಅದನ್ನು ಕಣ್ಣಾರೆ ನೋಡಿದ್ದ.

ಅವನು ನೇರವಾಗಿ ಡಾಕ್ಟರ ಬಳಿ ಹೋದ. ಡಾಕ್ಟರು ಗಂಟಲಿಗೆ ಟಾರ್ಚು ಬಿಟ್ಟು ನೋಡಿ, ಪೀಠ ಹತ್ತುವವರೆಗೂ ಒಂದೇ ಒಂದು ಮಾತು ಆಡಕೂಡದು ಎಂದರು. ಪಿಸುಗುಟ್ಟಬಹುದೇ ಎಂದು ಬ್ರಾಂದುರ್ ಪಿಸುಗುಟ್ಟಿದ. ಅದು ಕೂಗುವುದಕ್ಕಿಂತ ಕೆಟ್ಟದ್ದು, ಬಾಯಿ ಮುಚ್ಚಿ ಎಂದು ಡಾಕ್ಟರು ರೇಗಿದರು. ಬಿಸಿ ಹಬೆ ಮಾತ್ರ ಒಳ್ಳೆಯದಂತೆ.

ಬಿಸಿ ಹಬೆಗೆ ನಮ್ಮಲ್ಲಿ ಬರವೇ? ಚರ್ಚಿಲ್ಲದ ಊರು ಇದ್ದೀತು, ಬಿಸಿನೀರಿನ ಕೊಳ ಇಲ್ಲದ ಊರು ನಮ್ಮ ಕಡೆ ಕಷ್ಟ. ಬ್ರಾಂದುರ್ ಶನಿವಾರವಿಡೀ ಹಿಮದಲ್ಲಿ ಕಾರು ಓಡಿಸಿಕೊಂಡು ಲೌಗವಿಕ್ ಮುಟ್ಟಿದ. ಅತಿಥಿಗೃಹದ ಬೀಗದಕೈಯನ್ನು ಯಜಮಾನರು ಬಾಗಿಲ ಪಕ್ಕದ ಡಬ್ಬಿಯಲ್ಲೇ ಇಟ್ಟಿದ್ದರಿಂದ ಯಾರ ಮುಖವನ್ನೂ ನೋಡುವ ಪ್ರಮೇಯ ಬರಲಿಲ್ಲ. ಉಪದೇಶ ಭಾನುವಾರ ಮಧ್ಯಾಹ್ನ. ಬೆಳಿಗ್ಗೆ ಎದ್ದವನೇ, ವಾರದ ಗಡ್ಡವನ್ನು ಆಮೇಲೆ ಬೋಳಿಸಿದರಾಯಿತು ಎಂದುಕೊಂಡು, ಕನ್ನಡಕವನ್ನು ಮೇಜಿನ ಮೇಲಿಟ್ಟು, ಟವೆಲು ಹೆಗಲಿಗೆ ಹಾಕಿಕೊಂಡು ಕೊಳಕ್ಕೆ ಹೊರಟ. ಮಾಡಿದ ತಪ್ಪು ಅಷ್ಟೇ.

ಗಂಡಸರ ಸ್ನಾನದ ಕೋಣೆಯಲ್ಲಿ ಹೆರ್ಮುಂದುರ್ ಎಂಬ ಕಾವಲುಗಾರ ಸ್ಟೂಲಿನ ಮೇಲೆ ಕೂತಿದ್ದ. ಬಂದವರೆಲ್ಲ ಮೈಮೇಲೆ ನೂಲೆಳೆಯಿಲ್ಲದೆ, ಸೋಪು ಹಚ್ಚಿ ತಿಕ್ಕಿ ತೊಳೆದುಕೊಂಡ ಮೇಲೆಯೇ ಚಡ್ಡಿ ಹಾಕಿಕೊಂಡು ನೀರಿಗಿಳಿಯುತ್ತಾರೋ ಇಲ್ಲವೋ ಎಂದು ನೋಡುವುದು ಅವನ ಕೆಲಸ. ಬ್ರಾಂದುರ್ ಶಾಸ್ತ್ರೋಕ್ತವಾಗಿ ತೊಳೆದುಕೊಂಡು ಬಾಗಿಲ ಹತ್ತಿರ ಬಂದ. ಹೊಸ ಮುಖ ಕಂಡರೆ ನಮ್ಮವರು ಮೊದಲು ಕೇಳುವುದನ್ನೇ ಹೆರ್ಮುಂದುರ್ ಕೇಳಿದ.

"ನೀನು ಯಾರ ಮಗ?"

ಬ್ರಾಂದುರ್ ಗಂಟಲು ಮುಟ್ಟಿ ತೋರಿಸಿ, ಕೈ ಅಲ್ಲಾಡಿಸಿದ. ಹೆರ್ಮುಂದುರ್ ಹುಬ್ಬು ಗಂಟಿಕ್ಕಿ ಅದನ್ನೇ ಮತ್ತೆ ನಿಧಾನವಾಗಿ ಕೇಳಿದ. ಬ್ರಾಂದುರ್ ಮತ್ತೆ ಕೈ ಅಲ್ಲಾಡಿಸಿದ. ಅಷ್ಟೇ, ತೀರ್ಮಾನವಾಗಿ ಹೋಯಿತು. ಅಪ್ಪನ ಹೆಸರು ಹೇಳಲಾಗದವನು ಈ ದೇಶದವನಾಗಿರಲು ಸಾಧ್ಯವೇ ಇಲ್ಲ. ಇವನು ವಿದೇಶಿ. ವಿದೇಶಿ ಎಂದಮೇಲೆ ಸರಿಯಾಗಿ ತೊಳೆದುಕೊಂಡಿರುವುದೂ ಸುಳ್ಳು.

ಹೆರ್ಮುಂದುರ್ ಅವನ ಭುಜ ಹಿಡಿದು ಗೋಡೆಯ ಚಿತ್ರದ ಮುಂದೆ ನಿಲ್ಲಿಸಿದ. ತಲೆ, ಕಂಕುಳು, ತೊಡೆಸಂದಿ, ಪಾದ ಎಲ್ಲಕ್ಕೂ ಕೆಂಪು ಬಣ್ಣ ಬಳಿದ ಮನುಷ್ಯನ ಚಿತ್ರ. ಒಂದೊಂದನ್ನೂ ಬೆರಳಿಟ್ಟು ತೋರಿಸಿ, ಆಮೇಲೆ ಬ್ರಾಂದುರನ ಮೈಯಲ್ಲಿ ಅದು ಎಲ್ಲಿದೆ ಎಂಬುದನ್ನೂ ತೋರಿಸಿದ. ಎಷ್ಟೋ ಕೂಸುಗಳಿಗೆ ದೀಕ್ಷಾಸ್ನಾನ ಮಾಡಿಸಿದ ಕೈಗೆ ಸೋಪು ಕೊಟ್ಟು, ಸ್ನಾನ ಹೇಗೆ ಮಾಡಬೇಕೆಂದು ಪಾಠ ಹೇಳಿದ. ಬ್ರಾಂದುರನಿಗೆ ಮೈ ಉರಿದುಹೋಯಿತು. ಮಂಜು ಕಟ್ಟಿದ ಕನ್ನಡಿಯ ಮೇಲೆ ಬೆರಳಿನಿಂದ 'ಗಂಟಲು ನೋವು' ಎಂದು ಬರೆಯತೊಡಗಿದ. ಎರಡು ಅಕ್ಷರ ಮುಗಿಯುವುದರೊಳಗೆ ಹೆರ್ಮುಂದುರ್, ಈಗಷ್ಟೇ ಒರೆಸಿದ್ದೆ ಎಂದು ಗೊಣಗುತ್ತ ಬಟ್ಟೆ ತಂದು ಒರೆಸಿಬಿಟ್ಟ. ಕೊನೆಗೆ ಎರಡನೆಯ ಸ್ನಾನವೂ ಮುಗಿದ ಮೇಲೆ ಬಾಗಿಲು ತೆರೆದು, ಹೊರಗಿನ ಬಿಸಿತೊಟ್ಟಿಯವರಿಗೆ ಕೇಳುವಂತೆ ಕೂಗಿದ.

"ಯಾರೋ ವಿದೇಶಿ ಬರ್ತಿದ್ದಾನೆ. ಹೆದರ್ಬೇಡಿ, ತೊಳೆದೇ ಕಳಿಸ್ತಿದ್ದೀನಿ."

ತೊಟ್ಟಿಯಲ್ಲಿ ಕುತ್ತಿಗೆಮಟ್ಟ ಮುಳುಗಿ ಮೂವರು ಕೂತಿದ್ದರು. ನಡುವೆ ಸಾಲ್ವೋರ್, ಅಂಚೆ ಕಚೇರಿಯಿಂದ ನಿವೃತ್ತಳಾದ ಹೆಂಗಸು, ಚರ್ಚಿನ ಸಮಿತಿಗೆ ಅವಳೇ ಅಧ್ಯಕ್ಷೆ. ಅವಳ ಎಡಕ್ಕೆ ಕುರಿ ಸಾಕುವ ಕೇತಿಲ್. ಬಲಕ್ಕೆ ಅವನ ಪಕ್ಕದ ಹೊಲದವನೇ ಆದ ಊಲ್ವಾರ್, ಭಾನುವಾರ ಚರ್ಚಿನಲ್ಲಿ ಆರ್ಗನ್ ನುಡಿಸುವವನು. ಮೂವರೂ ಸರಿದು ಜಾಗ ಕೊಟ್ಟರು. ಸಾಲ್ವೋರ್ ಇಂಗ್ಲಿಷಿನಲ್ಲಿ ಮಾತಾಡಿಸಿದಳು, ಜರ್ಮನ್ನಿನಲ್ಲಿ ಮಾತಾಡಿಸಿದಳು, ಆಮೇಲೆ ಕಿವುಡರಿಗೆ ಹೇಳುವ ಹಾಗೆ ಅದನ್ನೇ ದೊಡ್ಡದಾಗಿ ಹೇಳಿದಳು. ಬ್ರಾಂದುರ್ ಹಲ್ಲು ಕಿರಿದ.

"ಫಿನ್ಲೆಂಡಿನವನೇ ಇರ್ಬೇಕು," ಎಂದ ಕೇತಿಲ್. "ಇಷ್ಟು ಹೊತ್ತು ಬಾಯಿ ಮುಚ್ಕೊಂಡಿರೋದು ಬೇರೆ ಯಾರಿಗೆ ಸಾಧ್ಯ?"

ಅಲ್ಲಿಂದ ಅವನು ಫಿನ್ಲೆಂಡಿನವನಾದ. ಇದೇನು ಗ್ರಹಚಾರ, ಎದ್ದು ಹೋಗಿಬಿಡೋಣ ಎಂದು ಬ್ರಾಂದುರ್ ಅಂಚಿಗೆ ಕೈ ಹಾಕಿದ. ಅಷ್ಟರಲ್ಲಿ ಸಾಲ್ವೋರ್, ಮಧ್ಯಾಹ್ನ ದಕ್ಷಿಣದಿಂದ ಆ ಪಾದ್ರಿ ಬರ್ತಾನಲ್ಲ ಎಂದು ಮಾತು ತೆಗೆದಳು. ಹಾಕಿದ ಕೈ ಹಾಗೇ ನೀರಿಗೆ ವಾಪಸ್ಸು ಬಂತು. ತನ್ನ ಬಗ್ಗೆ ನಾಲ್ಕು ಜನ ಆಡಿಕೊಳ್ಳುವಾಗ ಎದ್ದು ಹೋಗುವಷ್ಟು ದೊಡ್ಡ ಮನುಷ್ಯ ಇನ್ನೂ ಹುಟ್ಟಿಲ್ಲ.

ಅವರು ಆಡಿಕೊಂಡದ್ದು ಒಂದೆರಡಲ್ಲ. ಆ ಪಾದ್ರಿಯನ್ನು ಯಾವ ಊರಿನವರೂ ಇಟ್ಟುಕೊಂಡಿಲ್ಲವಂತೆ. ಬಾಯಿ ತೆರೆದರೆ ಬಾತುಕೋಳಿಯ ದನಿಯಂತೆ. ಹೆಂಡತಿಯೇ ಅವನನ್ನು ಮನೆಯಿಂದ ಓಡಿಸಲು ನೋಡುತ್ತಿದ್ದಾಳಂತೆ. ಇದನ್ನೆಲ್ಲ ಬ್ರಾಂದುರ್ ನುಂಗಿಕೊಂಡ, ಹೆಚ್ಚು ಕಡಿಮೆ ನಿಜವೇ ಆಗಿತ್ತು. ಆದರೆ ಊಲ್ವಾರ್ ಅವನ ಅಜ್ಜನಿಗೆ ಕೈ ಹಾಕಿದ. ಅಜ್ಜ ಇದೇ ಕಣಿವೆಯವನಂತೆ, ಊಲ್ವಾರನ ಅಜ್ಜನ ದೋಣಿ ಕೇಳಿ ತೆಗೆದುಕೊಂಡು ಹೋದವನು ವಾಪಸ್ಸು ಕೊಡಲೇ ಇಲ್ಲವಂತೆ. ಹಸಿ ಸುಳ್ಳು. ದೋಣಿ ವಾಪಸ್ಸು ಕೊಟ್ಟಾಗಿತ್ತು, ಊಲ್ವಾರನ ಅಜ್ಜ ಕೊಡುವಾಗಲೇ ಅದಕ್ಕೆ ತೂತು ಇತ್ತು, ಅಜ್ಜ ಮುಳುಗಿ ಸಾಯುವುದೊಂದು ಬಾಕಿಯಿತ್ತು. ಬ್ರಾಂದುರನ ನಾಲಿಗೆಯ ತುದಿಗೆ ಅಷ್ಟೂ ಬಂತು. ಅವನು ಮೂಗಿನವರೆಗೂ ನೀರಿನಲ್ಲಿ ಮುಳುಗಿ ಗುಳುಗುಳು ಗುಳ್ಳೆ ಬಿಟ್ಟ. ಫಿನ್ಲೆಂಡಿನವನಿಗೆ ತುಂಬ ಖುಷಿಯಾಗಿದೆ ಎಂದಳು ಸಾಲ್ವೋರ್.

ಈಗ ತಾನು ಯಾರೆಂದು ಹೇಳುವ ಹಾಗೂ ಇರಲಿಲ್ಲ. ಹೇಳಿದರೆ ಇಷ್ಟು ಹೊತ್ತು ಬೈದವರು ಮುಖ ಎಲ್ಲಿಟ್ಟುಕೊಳ್ಳಬೇಕು? ಮುಖ ಕೆಡಿಸಿಕೊಂಡವರು ಕೆಲಸ ಕೊಡುತ್ತಾರೆಯೇ? ಅವನು ಸುಮ್ಮನೆ ಬೇಯುತ್ತ ಕೂತ.

"ದನಿ ಹೇಗಾದ್ರೂ ಇರ್ಲಿ ಕಣಯ್ಯ," ಎಂದಳು ಸಾಲ್ವೋರ್. "ಹಿಂದಿನ ಪಾದ್ರಿ ಮಾರ್ಕುಸ್‌ಗೆ ದನಿ ಚೆನ್ನಾಗೇ ಇತ್ತು. ಯಾರು ಏನು ಹೇಳ್ಕೊಂಡ್ರೂ ಮಧ್ಯಾಹ್ನದೊಳಗೆ ಇದೇ ತೊಟ್ಟಿಗೆ ತಂದು ಸುರೀತಿದ್ದ. ನಮಗೆ ಬೇಕಾಗಿರೋದು ಹೊಟ್ಟೇಲಿ ಮಾತು ಇಟ್ಕೊಳ್ಳೋನು."

ಬ್ರಾಂದುರನಿಗೆ ಜೀವ ಬಂದ ಹಾಗಾಯಿತು. ಆ ವಿಷಯದಲ್ಲಿ ಅವನ ಮೇಲೆ ಬೆರಳು ತೋರಿಸುವ ಹಾಗಿರಲಿಲ್ಲ. ಯಾರು ಏನು ಹೇಳಿಕೊಂಡಿದ್ದರೂ ಅವನು ಹೆಂಡತಿಗೂ ಹೇಳಿದವನಲ್ಲ. ಅವಳಿಗೆ ಅದಕ್ಕೂ ಸಿಟ್ಟಿತ್ತು.

ಸ್ವಲ್ಪ ಹೊತ್ತಿಗೆ ಸಾಲ್ವೋರ್ ಮತ್ತು ಊಲ್ವಾರ್ ಈಜಲು ದೊಡ್ಡ ಕೊಳಕ್ಕೆ ಹೋದರು. ಕೇತಿಲ್ ಅವರು ಹೋದತ್ತ ನೋಡಿ, ಬ್ರಾಂದುರನ ಪಕ್ಕಕ್ಕೆ ಜರುಗಿ ಕೂತ. ನಿನಗೆಲ್ಲಿ ಅರ್ಥ ಆಗಬೇಕು ಎಂದು ಪೀಠಿಕೆ ಹಾಕಿದ. ಆಮೇಲೆ, ಎರಡು ವರ್ಷದ ಹಿಂದೆ ಬೆಟ್ಟದಿಂದ ಕುರಿಗಳನ್ನು ಇಳಿಸಿ ತಂದಾಗ ಊಲ್ವಾರನ ಹೆಣ್ಣುಮರಿಯೊಂದು ತನ್ನ ಮಂದೆಯಲ್ಲಿ ಸೇರಿತ್ತು, ಯಾರ ಕುರಿಯೆಂದು ತಿಳಿಸುವ ಗುರುತನ್ನು ಅದರ ಕಿವಿಯಲ್ಲಿ ಇನ್ನೂ ಕತ್ತರಿಸಿರಲಿಲ್ಲ, ತಾನು ತನ್ನ ಗುರುತನ್ನೇ ಕತ್ತರಿಸಿಬಿಟ್ಟೆ ಎಂದು ಬಿಕ್ಕಿದ. ಅದೀಗ ಊರಿಗೇ ಒಳ್ಳೆಯ ಕುರಿಯಾಗಿದೆಯಂತೆ. ಅದನ್ನು ಕಂಡಾಗಲೆಲ್ಲ ಎದೆ ಚುಳ್ ಅನ್ನುತ್ತದಂತೆ. ಬ್ರಾಂದುರ್ ಅಭ್ಯಾಸಬಲದಿಂದ ತಲೆದೂಗಿದ. ಕೇತಿಲ್ ಅವನ ಕೈ ಹಿಡಿದು ಅತ್ತು, ಮನಸ್ಸು ಹಗುರವಾಯಿತು ಎಂದು ತಣ್ಣೀರ ತೊಟ್ಟಿಗೆ ಹೋಗಿ ಧುಮುಕಿದ.

ಇನ್ನಾದರೂ ಏಳೋಣ ಎಂದರೆ ಸಾಲ್ವೋರ್ ಎರಡು ಲೋಟ ಕಾಫಿ ಹಿಡಿದು ಬಂದಳು. ಒಂದನ್ನು ಅವನ ಕೈಗೆ ತುರುಕಿ, ಅವನ ತೋಳು ಹಿಡಿದೇ ಕೂತಳು. ಚರ್ಚಿನ ಮಾರಾಟದಲ್ಲಿ ಪ್ರತಿ ವರ್ಷ ಮೊದಲ ಬಹುಮಾನ ಪಡೆಯುವ ತನ್ನ ರಬಾರ್ಬ್ ಎಂಬ ಹುಳಿದಂಟಿನ ಜಾಮ್ ಇದೆಯಲ್ಲ, ಅದನ್ನು ತಾನು ಮಾಡುವುದೇ ಅಲ್ಲ ಎಂದಳು. ಪಟ್ಟಣದ ಅಂಗಡಿಯಿಂದ ತಂದು ತನ್ನ ಜಾಡಿಗೆ ಸುರಿದು, ಮೇಲೆ ಬಟ್ಟೆ ಕಟ್ಟುತ್ತಾಳಂತೆ. ಅಜ್ಜಿಯ ಕಾಲದ ಗುಟ್ಟು ಎಂದು ಊರಿಗೆಲ್ಲ ಹೇಳಿಕೊಂಡಾಗಿದೆ, ಈಗ ಹಿಂದೆ ಸರಿಯುವ ಹಾಗಿಲ್ಲ ಎಂದು ನಿಟ್ಟುಸಿರಿಟ್ಟಳು. ಬ್ರಾಂದುರ್ ಅದಕ್ಕೂ ತಲೆದೂಗಿದ. ಮೈ ಬೇಯಿಸಿದ ಸಿಗಡಿಯ ಬಣ್ಣಕ್ಕೆ ತಿರುಗಿತ್ತು, ತಲೆ ಗಿರ್ರನೆ ಸುತ್ತುತ್ತಿತ್ತು, ಮೇಲೆ ಬಿಸಿ ಕಾಫಿ ಬೇರೆ.

ಅವಳು ಎದ್ದಳೋ ಇಲ್ಲವೋ, ಊಲ್ವಾರ್ ಹಾಜರು. ಊರಿನವರಿಗೆಲ್ಲ ಇವತ್ತೇ ಪಾಪ ನೆನಪಾಗಬೇಕೇ ಎಂದು ಬ್ರಾಂದುರ್ ಮನಸ್ಸಿನಲ್ಲೇ ಹಲ್ಲು ಕಡಿದ. ಊಲ್ವಾರನದು ಚರ್ಚಿನ ಚಳಿಯ ಕತೆ. ಚರ್ಚನ್ನು ಬೆಚ್ಚಗಿಡುವ ಬಿಸಿನೀರಿನ ಕೊಳವೆಯ ತಿರುಪು ಅವನ ಆರ್ಗನ್ನಿನ ಪಕ್ಕದಲ್ಲೇ ಇದೆ. ಉಪದೇಶ ಉದ್ದವಾಯಿತು ಎನ್ನಿಸಿದರೆ ಮೆಲ್ಲಗೆ ಅದನ್ನು ಮುಚ್ಚಿಬಿಡುತ್ತಾನೆ. ಜನ ನಡುಗತೊಡಗುತ್ತಾರೆ, ಪಾದ್ರಿ ಬೇಗ ಮುಗಿಸುತ್ತಾನೆ. ಮುದುಕಿಯರಿಗೆ ನೆಗಡಿಯಾಗಿದೆ, ಕೊಳವೆ ಹಾಳಾಗಿದೆಯೆಂದು ಸಮಿತಿಯವರು ನೆಲ ಅಗೆಸಿ ನೋಡಿದ್ದಾರೆ, ಇವನೇ ಎಂದು ಒಬ್ಬರಿಗೂ ತಿಳಿಯದು. ಇದನ್ನು ಹೇಳಿ ಊಲ್ವಾರ್ ಕೂಡ ಹಗುರಾದ. ಬ್ರಾಂದುರ್ ಮಾತ್ರ ಮೂರು ಜನರ ಭಾರ ಹೊತ್ತು, ಕಾಲು ತಡವರಿಸುತ್ತ, ಹೇಗೋ ಅತಿಥಿಗೃಹ ಸೇರಿದ.

ಗಡ್ಡ ಬೋಳಿಸಿ, ತಲೆ ಬಾಚಿ, ಕನ್ನಡಕ ಏರಿಸಿದ. ಪಾದದವರೆಗಿನ ಕಪ್ಪು ನಿಲುವಂಗಿ ತೊಟ್ಟು, ಕತ್ತಿನ ಸುತ್ತ ತಟ್ಟೆಯಷ್ಟಗಲದ ನೆರಿಗೆಯ ಬಿಳಿ ಪಟ್ಟಿ ಕಟ್ಟಿಕೊಂಡ. ಚರ್ಚಿನ ಬಾಗಿಲಲ್ಲಿ ಸಾಲ್ವೋರ್ ಕೈಕುಲುಕಿ, ಪ್ರಯಾಣ ಸುಖವಾಗಿತ್ತೇ ಎಂದು ವಿಚಾರಿಸಿದಳು. ಬೆಳಗಿನ ಸಿಗಡಿಗೂ ಈ ನಿಲುವಂಗಿಗೂ ಅವಳಿಗೆ ನಂಟು ಕಾಣಲಿಲ್ಲ. ಅವನು ಬಾಗಿ ವಂದಿಸಿ ಪೀಠ ಹತ್ತಿದ.

"ಪ್ರಿಯರೇ," ಎಂದ.

ಅವನಿಗೇ ಮೈ ಜುಮ್ಮೆಂದಿತು. ಅಂಥ ದನಿ ಅವನ ಗಂಟಲಿನಿಂದ ಯಾವ ಊರಿನಲ್ಲೂ ಹೊರಟಿರಲಿಲ್ಲ. ಕಡೆಯ ಬೆಂಚಿನಲ್ಲಿ ತೂಕಡಿಸುತ್ತಿದ್ದವರು ಕಣ್ಣು ಬಿಟ್ಟರು. ಬ್ರಾಂದುರನಿಗೆ ಅಮಲೇರಿತು. ಮಾತು ತಾನಾಗಿ ಹರಿಯಿತು, ನಿಲ್ಲಿಸಲು ಮನಸ್ಸೇ ಬರಲಿಲ್ಲ. ಇನ್ನೂ ಅರ್ಧ ಉಪದೇಶ ಬಾಕಿಯಿರುವಾಗ, ಆರ್ಗನ್ನಿನ ಹಿಂದಿನಿಂದ ಊಲ್ವಾರನ ಕೈ ಮೆಲ್ಲಗೆ ಕೊಳವೆಯತ್ತ ಚಾಚಿದ್ದು ಕಂಡಿತು. ಬ್ರಾಂದುರ್ ತಡಮಾಡಲಿಲ್ಲ. ವಾಕ್ಯದ ನಡುವಿನಲ್ಲೇ ಬ್ರೇಕ್ ಹಾಕಿ, ಆಮೆನ್ ಎಂದುಬಿಟ್ಟ. ಊಲ್ವಾರನ ಕೈ ಗಾಳಿಯಲ್ಲೇ ನಿಂತಿತು. ಜನ ಬೆಚ್ಚಗೆ, ಸಂತೋಷವಾಗಿ ಎದ್ದರು. ಇಷ್ಟು ಚಿಕ್ಕ, ಇಷ್ಟು ಚೊಕ್ಕ ಉಪದೇಶವನ್ನು ಈ ಜನ್ಮದಲ್ಲಿ ಕೇಳಿರಲಿಲ್ಲ ಎಂದು ಒಬ್ಬ ಮುದುಕಿ ಅವನ ಕೈಗೆ ಮುತ್ತಿಟ್ಟಳು.

ಪಕ್ಕದ ಸಭಾಮನೆಯಲ್ಲಿ ಕಾಫಿ, ತೆಳ್ಳಗಿನ ಸಿಹಿದೋಸೆ, ಮೇಲೆ ಸಾಲ್ವೋರಳ ಬಹುಮಾನದ ಜಾಮ್. ಅಜ್ಜಿಯ ಕೈಗುಣ ನಾಲಿಗೆಗೆ ತಿಳಿಯುತ್ತದೆ ಎಂದು ಊರಿನವರು ಹೊಗಳಿದರು. ಬ್ರಾಂದುರ್ ಮುಖದ ಒಂದು ಗೆರೆಯೂ ಅಲ್ಲಾಡದಂತೆ ತಿಂದ. ಅವನನ್ನು ಅಲ್ಲೇ ಕೂರಿಸಿ, ಉಳಿದವರೆಲ್ಲ ಚರ್ಚಿಗೆ ಮರಳಿ, ಕೈ ಎತ್ತಿ ಮತ ಹಾಕಿ ಬಂದರು. ಬಂದವರ ಮುಂದೆ ಸಾಲ್ವೋರ್ ನಿಂತಳು. ಅವಳ ಮುಖ ಮದುವೆಯಲ್ಲೂ ಸಾವಿನಲ್ಲೂ ಒಂದೇ ಥರ, ಆದರೆ ಅದು ಬ್ರಾಂದುರನಿಗೆ ಹೇಗೆ ಗೊತ್ತಾಗಬೇಕು?

"ಪಾದ್ರಿಗಳೇ, ಮೊದ್ಲು ಒಂದು ವಿಷ್ಯ ಹೇಳ್ಬೇಕು," ಎಂದಳು. "ಬೆಳಿಗ್ಗೆ ನಮ್ಮ ತೊಟ್ಟಿಗೆ ಒಬ್ಬ ಫಿನ್ಲೆಂಡಿನವನು ಬಂದಿದ್ದ. ಒಂದು ಮಾತಾಡ್ಲಿಲ್ಲ. ಸುಮ್ನೆ ಕೇಳಿಸ್ಕೊಂಡು ತಲೆದೂಗ್ತಾ ಕೂತಿದ್ದ. ಅಂಥವನ ಪಕ್ಕ ಕೂತಾಗ್ಲೇ ನಂಗೆ ಗೊತ್ತಾಗಿದ್ದು, ಈ ಊರಿಗೆ ಎಂಥ ಮನುಷ್ಯ ಬೇಕು ಅಂತ."

ಕೇತಿಲ್ ಹೌದೆಂದು ತಲೆದೂಗಿದ. ಊಲ್ವಾರ್ ಕೂಡ, ಅವನಂಥ ಸಂಭಾವಿತನನ್ನು ತಾನು ನೋಡಿಲ್ಲ ಎಂದ.

ಬ್ರಾಂದುರನಿಗೆ ಈ ಪೀಠಿಕೆ ಹೊಸದಲ್ಲ. ಬೇಡ ಎನ್ನುವವರೆಲ್ಲ ಹೀಗೇ ಶುರುಮಾಡುತ್ತಿದ್ದರು. ಮೊದಲು ಇನ್ನೊಬ್ಬನ ಹೊಗಳಿಕೆ, ಆಮೇಲೆ ಕಾಫಿ, ಆಮೇಲೆ ಹೋಗಿ ಬನ್ನಿ. ಮೊಳೆಯಲ್ಲಿ ನೇತಾಡುವ ನೀಲಿ ಮೇಲಂಗಿ ಕಣ್ಣ ಮುಂದೆ ಬಂತು. ಬೇರೆ ಯಾರಿಗೆ ಸೋತು ಕೆಲಸ ಕಳೆದುಕೊಂಡರೂ ಚಿಂತೆಯಿಲ್ಲ, ತನಗೆ ತಾನೇ ಸೋತು ಕಳೆದುಕೊಳ್ಳುವುದೇ? ಅವನು ತಟ್ಟೆ ಕೆಳಗಿಟ್ಟು ಎದ್ದು ನಿಂತ.

"ಆ ಫಿನ್ಲೆಂಡಿನವನು ನಾನೇ," ಎಂದ.

ಜನ ನಕ್ಕರು. ಪಾದ್ರಿಗಳಿಗೆ ಹಾಸ್ಯಪ್ರಜ್ಞೆಯೂ ಇದೆ ಎಂದು ಯಾರೋ ಮೆಚ್ಚಿಕೊಂಡರು. ಬ್ರಾಂದುರ್ ಕನ್ನಡಕ ತೆಗೆದ, ಬಾಚಿದ ಕೂದಲು ಕೆದರಿದ. ಆದರೂ ನಂಬಲಿಲ್ಲ. ಅವನಿಗೆ ಗಡ್ಡ ಇತ್ತು, ಮೈ ಕೆಂಪಗಿತ್ತು ಎಂದರು. ಹೆರ್ಮುಂದುರನನ್ನು ಮುಂದಕ್ಕೆ ಕರೆದು, ನೀನಲ್ಲವೇ ತೊಳೆಸಿದ್ದು, ನೋಡಿ ಹೇಳು ಎಂದರು. ಹೆರ್ಮುಂದುರ್ ಸುತ್ತಲೂ ಬಂದು ನೋಡಿ ತಲೆಯಾಡಿಸಿದ.

"ಬಟ್ಟೆ ಹಾಕ್ಕೊಂಡೋರನ್ನ ಗುರ್ತು ಹಿಡಿಯೋದು ನನ್ನ ಕೈಲಾಗಲ್ಲ," ಎಂದ.

ಬ್ರಾಂದುರನಿಗೆ ರೋಸಿಹೋಯಿತು. ಬೆಳಗಿನಿಂದ ನುಂಗಿಕೊಂಡದ್ದೆಲ್ಲ ಒಟ್ಟಿಗೆ ಮೇಲೆ ಬಂತು. ಇನ್ನು ತೋರಿಸಲು ಅವನ ಬಳಿ ಉಳಿದಿದ್ದ ಸಾಕ್ಷಿ ಒಂದೇ.

"ನಾನಲ್ದೇ ಇದ್ರೆ ಇದೆಲ್ಲ ನಂಗೆ ಹೇಗೆ ಗೊತ್ತಾಗ್ತಿತ್ತು ಹೇಳಿ," ಎಂದ. "ಈ ಜಾಮ್ ಅಂಗಡಿಯಿಂದ ತಂದಿದ್ದು ಅಂತ ಸಾಲ್ವೋರ್ ಯಾರಿಗೆ ಹೇಳಿದ್ರು? ಊಲ್ವಾರನ ಕುರೀಗೆ ತನ್ನ ಗುರ್ತು ಹಾಕ್ಕೊಂಡೆ ಅಂತ ಕೇತಿಲ್ ಯಾರ ಕೈ ಹಿಡ್ಕೊಂಡು ಅತ್ತ? ಚರ್ಚಿನ ಬಿಸಿನೀರು ಮುಚ್ಚಿ ನಿಮ್ಮನ್ನೆಲ್ಲ ನಡುಗಿಸ್ತಿದ್ದೋನು ತಾನೇ ಅಂತ ಊಲ್ವಾರ್ ಯಾರ ಹತ್ರ ಒಪ್ಕೊಂಡ?"

ಆ ಸುಂದರವಾದ ದನಿ ಕಡೆಯ ಸಾಲಿನವರೆಗೂ ಸ್ಪಷ್ಟವಾಗಿ ಮುಟ್ಟಿತು.

ಜಾಮ್ ಮೆತ್ತಿದ ಚಮಚಗಳು ಬಾಯಿಗೆ ಹೋಗದೆ ನಿಂತವು. ಕೈಗೆ ಮುತ್ತಿಟ್ಟಿದ್ದ ಮುದುಕಿ ಮೂಗೊರೆಸಿಕೊಳ್ಳುತ್ತ ಊಲ್ವಾರನ ಕಡೆ ತಿರುಗಿದಳು. ಊಲ್ವಾರ್ ಕೇತಿಲನ ಕಡೆ ತಿರುಗಿದ. ಕೇತಿಲ್ ಕಿಟಕಿಯ ಕಡೆ ತಿರುಗಿದ. ಇವನೇ ಅವನು ಎಂಬುದರಲ್ಲಿ ಯಾರಿಗೂ ಈಗ ಅನುಮಾನ ಉಳಿದಿರಲಿಲ್ಲ. ಬ್ರಾಂದುರ್ ಗೆದ್ದವನ ಹಾಗೆ ಕನ್ನಡಕ ಏರಿಸಿಕೊಂಡು ಎಲ್ಲರ ಮುಖ ನೋಡಿದ. ನೋಡಿದ ಮೇಲೆ, ತಾನು ಏನು ಮಾಡಿದೆ ಎಂಬುದು ನಿಧಾನವಾಗಿ ಅವನಿಗೂ ಹೊಳೆಯಿತು.

ಸಾಲ್ವೋರಳ ಮುಖ ಆಗಲೂ ಹಾಗೆಯೇ ಇತ್ತು.

"ನನ್ನ ಮಾತು ಮುಗಿಸೋಕೆ ನೀವು ಬಿಡ್ಲಿಲ್ಲ, ಪಾದ್ರಿಗಳೇ," ಎಂದಳು. "ಒಳಗೆ ಎಲ್ರೂ ನಿಮಗೇ ಕೈ ಎತ್ತಿದ್ರು. ಒಬ್ರೂ ಬೇಡ ಅನ್ಲಿಲ್ಲ. ನಾಳೆಯಿಂದ ನೀವೂ ತೊಟ್ಟಿಗೆ ಬನ್ನಿ, ಅವನ ಹಾಗೇ ಸುಮ್ನೆ ಕೂತ್ಕೊಳ್ಳಿ, ಅಷ್ಟೇ ಸಾಕು ನಮಗೆ ಅಂತ ಕೇಳ್ಕೋಬೇಕು ಅಂತಿದ್ದೆ."

ಅವಳು ಬ್ರಾಂದುರನನ್ನು ಬಿಟ್ಟು ಜನರ ಕಡೆ ತಿರುಗಿ, ಹಾಗಾದರೆ ಇನ್ನೊಮ್ಮೆ ಕೇಳುತ್ತೇನೆ, ಈ ಪಾದ್ರಿಗಳು ಬೇಕು ಎನ್ನುವವರು ಕೈ ಎತ್ತಿ ಎಂದಳು.

ಊಲ್ವಾರ್ ಒಬ್ಬನೇ ಕೈ ಎತ್ತಿದ. ಕುರಿ ವಾಪಸ್ಸು ಸಿಕ್ಕಿದ್ದು ಅವನೊಬ್ಬನಿಗೇ.